ಮಾನಿಟರ್ ಬಂದ ಮಳೆಗಾಲ

ಕಳೆದ ತಿಂಗಳು ನಮ್ಮ ಕಚೇರಿಯ ಹಿಂದಿನ ಕೋಣೆಯನ್ನು ಖಾಲಿ ಮಾಡಿಸಿದರು. ಪುತ್ತೂರು ಪೇಟೆಯ ದರ್ಬೆಯಲ್ಲಿ ಮುಖ್ಯರಸ್ತೆಗೆ ಬೆನ್ನು ಹಾಕಿ ನಿಂತ ಆ ಕೋಣೆಯ ಬಾಗಿಲು ತೆರೆಯದೆ ಎಷ್ಟು ವರ್ಷವಾಗಿತ್ತೋ ಯಾರಿಗೂ ಗೊತ್ತಿರಲಿಲ್ಲ. ಒಳಗೆ ಕಾಲು ಮುರಿದ ಕುರ್ಚಿಗಳು, ಗೆದ್ದಲು ಹಿಡಿದ ಕಡತಗಳು, ಗೋಡೆಗೆ ಒತ್ತಿ ಪೇರಿಸಿಟ್ಟ ಆರು ಹಳೆಯ ಮಾನಿಟರುಗಳು. ಈಗಿನ ಹಾಗೆ ಹಲಗೆಯಂಥವಲ್ಲ, ಹಿಂದೆ ಗೂನುಬೆನ್ನು ಇದ್ದಂಥವು. ಒಂದನ್ನು ಎತ್ತಿದರೆ ಸೊಂಟ ಹಿಡಿಯುತ್ತದೆ. ಗುಜರಿಯವರು ಹೊರಗೆ ಟೆಂಪೋ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಅವರಲ್ಲೊಬ್ಬರು, "ಅಕ್ಕಾ, ಇದರಲ್ಲಿ ಯಾವುದಾದ್ರೂ ಚಾಲೂ ಉಂಟಾ? ಇದ್ರೆ ಬೇರೆ ಇಡ್ತೇವೆ" ಎಂದು ಕೇಳಿದರು.

ನಾನು ಒಂದರ ವಯರನ್ನು ಗೋಡೆಗೆ ಸಿಕ್ಕಿಸಿ ಗುಂಡಿ ಒತ್ತಿದೆ. ಒಳಗಿನಿಂದ 'ಟೊಂಯ್' ಎಂದು ಸದ್ದು ಬಂತು. ಗಾಜಿನ ಹತ್ತಿರ ಕೈ ಒಯ್ದಾಗ ಮುಂಗೈಯ ರೋಮಗಳು ಒಂದೊಂದಾಗಿ ಎದ್ದು ನಿಂತವು. ಸ್ವಲ್ಪ ಹೊತ್ತಿನಲ್ಲಿ ಅದರ ಬೆನ್ನಿನ ಸಂದುಗಳಿಂದ ಕಾದ ಧೂಳಿನ ವಾಸನೆ ಹೊರಟಿತು. ಬಿಸಿಯಾದ ಪ್ಲಾಸ್ಟಿಕ್ಕು, ಒಣಗಿದ ಜೇಡರ ಬಲೆ, ಎಲ್ಲ ಸೇರಿದ ವಾಸನೆ. ಅದು ಮೂಗಿಗೆ ಬಂದದ್ದೇ ತಡ, ನನಗೆ ಕಡಬದ ನಮ್ಮ ಮನೆಯ ಚಾವಡಿ ಕಣ್ಣಿಗೆ ಕಟ್ಟಿತು. ಅಪ್ಪ ಕಂಡರು. ಒದ್ದೆ ಮಾನಿಟರನ್ನು ಎದೆಗೊತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದ ಭಾವನ ಬೆನ್ನು ಕಂಡಿತು. "ಚಾಲೂ ಉಂಟಲ್ಲ" ಎಂದು ಗುಜರಿಯವರು ಸಂತೋಷಪಟ್ಟರು. ನಾನು ವಯರು ಕಿತ್ತೆ.

ಆಗ ನನಗೆ ಇಪ್ಪತ್ತೊಂದು ವರ್ಷ. ಕಡಬ ಇನ್ನೂ ತಾಲೂಕು ಆಗಿರಲಿಲ್ಲ. ಪೇಟೆಯ ಒಂದು ಮಾಳಿಗೆಯಲ್ಲಿ ಅಪ್ಪ ಟೈಪಿಂಗ್ ಕ್ಲಾಸು ನಡೆಸುತ್ತಿದ್ದರು. ಐದು ಮೆಷಿನುಗಳಿದ್ದವು, ನಾಲ್ಕು ಇಂಗ್ಲಿಷಿನವು, ಒಂದು ಕನ್ನಡದ್ದು. ಊರಿಗೆಲ್ಲ ಅವರು 'ಟೈಪಿಂಗ್ ಮಾಷ್ಟ್ರು'. ಬಿ.ಎ. ಮುಗಿಸಿ ಮನೆಗೆ ಬಂದಿದ್ದ ನಾನು ಬೆಳಗಿನ ಕ್ಲಾಸಿನ ಹುಡುಗಿಯರಿಗೆ ಕಲಿಸುತ್ತಿದ್ದೆ.

ಅಪ್ಪನಿಗೆ ಟೈಪಿಂಗ್ ಅಲ್ಲದೆ ಇನ್ನೊಂದು ವಿದ್ಯೆ ಒಲಿದಿತ್ತು. ಟೈಪ್ ಮಾಡಿದ ಯಾವ ಕಾಗದ ಕೊಟ್ಟರೂ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಯಾವ ಆಫೀಸಿನ ಮೆಷಿನಿನಲ್ಲಿ ಹೊಡೆದದ್ದೆಂದು ಹೇಳುತ್ತಿದ್ದರು. ಒಂದು ಮೆಷಿನಿನಲ್ಲಿ 'ದ' ಅಕ್ಷರ ಸಾಲು ಬಿಟ್ಟು ಮೇಲೆ ಹಾರುತ್ತದೆ, ಇನ್ನೊಂದರಲ್ಲಿ ಸೊನ್ನೆಯ ಹೊಟ್ಟೆಯೊಳಗೆ ಮಸಿ ತುಂಬಿರುತ್ತದೆ. ಹೊಡೆದವರ ಕಿರುಬೆರಳು ಸೋಲುವುದೂ ಅವರಿಗೆ ಕಾಣುತ್ತಿತ್ತು. ಊರಿನಲ್ಲಿ ಯಾರ ಮೇಲಾದರೂ ಮೂಕರ್ಜಿ ಹೋದರೆ, ಎಂದರೆ ಹೆಸರು ಸಹಿ ಏನೂ ಇಲ್ಲದ ದೂರು ಹೋದರೆ, ಅದರ ಪ್ರತಿ ಕೊನೆಗೆ ಅಪ್ಪನ ಮೇಜಿಗೆ ಬರುತ್ತಿತ್ತು. ಒಮ್ಮೆ ಹಾಗೆ ಬಂದದ್ದನ್ನು ನೋಡಿ, ಅದು ನಮ್ಮದೇ ಮೆಷಿನಿನಲ್ಲಿ ನಮ್ಮದೇ ವಿದ್ಯಾರ್ಥಿ ಹೊಡೆದದ್ದೆಂದು ಗುರುತಿಸಿದ್ದರು. ಅವನನ್ನು ಕರೆದುಕೊಂಡು ಹೋಗಿ ದೂರಿಗೆ ಗುರಿಯಾದವರ ಮುಂದೆ ನಿಲ್ಲಿಸಿ ಕ್ಷಮೆ ಕೇಳಿಸಿ ಬಂದಿದ್ದರು.

ನನ್ನ ಅಕ್ಕ ವಾಸಂತಿ ಮಂಡೆಕೋಲಿನ ಕಡೆ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದಳು. ಸುಳ್ಯದಲ್ಲಿ ರೂಮು ಮಾಡಿಕೊಂಡು ಅಲ್ಲಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಅವಳ ಗಂಡ ಜನಾರ್ದನ ಭಾವ ದರ್ಬೆಯಲ್ಲಿ ಟಿ.ವಿ. ರಿಪೇರಿ ಅಂಗಡಿ ಇಟ್ಟುಕೊಂಡಿದ್ದರು. ಅವರ ಎರಡು ವರ್ಷದ ಮಗಳು ಪುಟ್ಟಿ ಕಡಬದಲ್ಲಿ ನಮ್ಮ ಜೊತೆ. ಒಂದು ಸಂಸಾರ ಮೂರು ಊರಿನಲ್ಲಿತ್ತು. ಅಕ್ಕ ಶನಿವಾರ ಸಂಜೆ ಬಂದು ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಹೊರಡುವಾಗ ಪುಟ್ಟಿ ಅವಳ ಸೆರಗನ್ನು ಬಾಯಲ್ಲಿ ಕಚ್ಚಿ ಹಿಡಿಯುತ್ತಿದ್ದಳು. ಅಮ್ಮ ಅದನ್ನು ಬಿಡಿಸಬೇಕಾಗುತ್ತಿತ್ತು. ಕಡಬದ ಹತ್ತಿರ ಎಲ್ಲಿಗಾದರೂ ವರ್ಗವಾದರೆ ಸಾಕೆಂದು ಅಕ್ಕ ಮೂರು ವರ್ಷದಿಂದ ಅರ್ಜಿ ಹಾಕುತ್ತಲೇ ಇದ್ದಳು.

ಆ ಜೂನಿನಲ್ಲಿ ಭಾವ ಕಂಪ್ಯೂಟರ್ ತಂದರು. ಟಿ.ವಿ. ಬಿಚ್ಚಿ ಬಿಚ್ಚಿ ಕಲಿತಿದ್ದ ಅವರು, ಎಲ್ಲಿಯೋ ಕೆಟ್ಟು ಮೂಲೆಗೆ ಬಿದ್ದಿದ್ದ ಮಾನಿಟರನ್ನು ಸ್ವತಃ ಸರಿಮಾಡಿ, ಉಳಿದ ಭಾಗಗಳನ್ನು ಜೋಡಿಸಿಕೊಂಡು, ಒಂದು ಪ್ರಿಂಟರನ್ನೂ ಸೇರಿಸಿ, ಜೀಪಿನಲ್ಲಿ ಹಾಕಿಸಿಕೊಂಡು ಬಂದಿದ್ದರು. ಆ ದಿನ ಆಕಾಶವೇ ಕಳಚಿಬಿದ್ದ ಹಾಗೆ ಮಳೆ. ಮಾನಿಟರಿಗೆ ತಮ್ಮ ರೈನ್‌ಕೋಟು ತೊಡಿಸಿ ತಾವು ತೊಯ್ದು ತೊಪ್ಪೆಯಾಗಿ ಇಳಿದರು.

"ಇದೆಂತ ಅಳಿಯಂದಿರೇ, ಇನ್ನೊಂದು ಟಿ.ವಿ.ಯಾ?" ಅಪ್ಪ ಕೇಳಿದರು.

"ಟಿ.ವಿ. ಅಲ್ಲ ಮಾವ, ಕಂಪ್ಯೂಟರ್. ಇನ್ನು ಟೈಪಿಂಗ್ ಎಲ್ಲ ಇದರಲ್ಲೇ. ನಿಮ್ಮ ಕ್ಲಾಸಿಗೆ ಅಂತ ತಂದದ್ದು."

"ಕ್ಲಾಸಿಗೆ ಬೇಡ. ಮನೆಯಲ್ಲಿ ಇರ್ಲಿ, ನೋಡುವ."

ಹಾಗೆ ಅದು ಚಾವಡಿಯಲ್ಲಿ, ಅಮ್ಮನ ಹೊಲಿಗೆ ಮೆಷಿನಿನ ಮೇಜಿನ ಮೇಲೆ ಕುಳಿತಿತು. ಅಮ್ಮ ಕಸೂತಿ ಹಾಕಿದ ಬಟ್ಟೆ ಹೊದಿಸಿದಳು. ಮಳೆಗಾಲದಲ್ಲಿ ತೇವ ಹಿಡಿಯದ ಹಾಗೆ ದಿನಾ ಅರ್ಧ ಗಂಟೆಯಾದರೂ ಉರಿಸಬೇಕೆಂದು ಭಾವ ಹೇಳಿದ್ದರು. ಆ ಅರ್ಧ ಗಂಟೆ ನನಗೆ ಎರಡು ಮೂರು ಗಂಟೆಯಾಗತೊಡಗಿತು. ನಮ್ಮಲ್ಲಿ ಕರೆಂಟು ಬಂದರೂ ವೋಲ್ಟೇಜು ಇರುತ್ತಿರಲಿಲ್ಲ. ಪರದೆಯ ಚಿತ್ರ ನಾಲ್ಕೂ ಕಡೆಯಿಂದ ಒಳಗೆ ಮುದುಡಿ, ಸುತ್ತಲೂ ಕಪ್ಪು ಅಂಚು ಕಾಣಿಸುತ್ತಿತ್ತು. ದೂರದಲ್ಲಿ ಗುಡುಗಿದರೂ ಎಲ್ಲ ವಯರು ಕಿತ್ತಿಡಬೇಕು. ರೇಡಿಯೋ ಪಕ್ಕದಲ್ಲಿಟ್ಟ ದಿನ ಒಂದು ಮೂಲೆ ನೇರಳೆ ಬಣ್ಣಕ್ಕೆ ತಿರುಗಿ, ಅಮ್ಮ "ಅಯ್ಯೋ, ಇದಕ್ಕೆ ಎಂತದೋ ಹಿಡೀತು" ಎಂದು ಹೆದರಿದಳು. ಆದರೆ ಹೆದರಿಕೆ ಹೋದ ಮೇಲೆ ಅದನ್ನು ಹೆಚ್ಚು ಉಪಯೋಗಿಸಿದವಳು ಅವಳೇ. ವಾರಗಟ್ಟಲೆ ಬಿಸಿಲು ಕಾಣದ ಆ ದಿನಗಳಲ್ಲಿ ಪುಟ್ಟಿಯ ಚಡ್ಡಿ ಟೋಪಿಗಳನ್ನು ಮಾನಿಟರಿನ ಬೆನ್ನ ಮೇಲೆ ಹರಡಿ ಒಣಗಿಸುತ್ತಿದ್ದಳು. ಒಂದು ಭಾನುವಾರ ಭಾವ ಅದನ್ನು ಕಂಡು ತಲೆಮೇಲೆ ಕೈ ಹೊತ್ತರು. "ಅತ್ತೆ, ಗಾಳಿ ಹೋಗುವ ತೂತು ಅದು! ಬೆಂಕಿ ಹಿಡೀತದೆ ಮಾರಾಯ್ರೆ!" ಅವರು ಪುತ್ತೂರಿಗೆ ಹೋದ ಮೇಲೆ ಚಡ್ಡಿಗಳು ಪುನಃ ಅಲ್ಲಿಗೇ ಬಂದವು. ಅವುಗಳ ಮೇಲೆ ಬೆಕ್ಕು ಸುರುಳಿಯಾಗಿ ಮಲಗುತ್ತಿತ್ತು.

ನನಗೆ ಅದರ ಹುಚ್ಚು ಹಿಡಿಯಿತು. ಕನ್ನಡದ ಅಕ್ಷರ ಆ ಗಾಜಿನ ಮೇಲೆ ಮೂಡುವುದನ್ನು ಮೊದಲು ನೋಡಿದ ಮಧ್ಯಾಹ್ನ ನಾನು ನನ್ನ ಹೆಸರನ್ನು ಒಂದು ಪುಟ ತುಂಬ ಹೊಡೆದೆ, ಶೈಲಜಾ, ಶೈಲಜಾ ಎಂದು. ತಪ್ಪಿದರೆ ಅಳಿಸಬಹುದು, ಅಳಿಸಿದ ಗುರುತು ಉಳಿಯುವುದಿಲ್ಲ. ಅಪ್ಪನಿಗೆ ಸಂಶಯ ಹುಟ್ಟಿಸಿದ್ದು ಅದೇ. ಹಿಂದೆ ಬಂದು ನಿಂತು ನೋಡುತ್ತಿದ್ದರು.

"ಈಗ ನೀನು ಅಳಿಸಿದ್ದು ಎಲ್ಲಿಗೆ ಹೋಯ್ತು?"

"ಎಲ್ಲಿಗೂ ಇಲ್ಲ ಅಪ್ಪ, ಇಲ್ಲದೇ ಹೋಯ್ತು."

"ಬರೆದದ್ದು ಇಲ್ಲದೇ ಹೋಗುದು ಹೇಗೆ? ಎಲ್ಲಿಯಾದ್ರೂ ಇರ್ಲೇಬೇಕು."

ಊರಿನವರಿಗೂ ಸಂಶಯವಿತ್ತು. ನೋಡಲು ಬಂದವರು ಬಾಗಿಲ ಬಳಿಯೇ ನಿಂತು ನೋಡುತ್ತಿದ್ದರು. ಅದರಿಂದ ಕಣ್ಣು ಹೋಗುತ್ತದಂತೆ ಎಂದು ಒಬ್ಬರು, ನಾವು ಮಾತಾಡಿದ್ದೆಲ್ಲ ಅದರೊಳಗೆ ಕೂರುತ್ತದಂತೆ ಎಂದು ಇನ್ನೊಬ್ಬರು. ಚಾವಡಿಗೆ ಬಂದವರು ಕಂಪ್ಯೂಟರ್ ಉರಿಯುತ್ತಿದ್ದರೆ ಧ್ವನಿ ತಗ್ಗಿಸುತ್ತಿದ್ದುದನ್ನು ನೆನೆದರೆ ಈಗ ನಗು ಬರುತ್ತದೆ. ಆಗ ಬರಲಿಲ್ಲ.

ಜುಲೈ ಕೊನೆಯಲ್ಲಿ ಶಾಲಾ ಸಮಿತಿಯ ಅಧ್ಯಕ್ಷರಾದ ಶೀನಪ್ಪಣ್ಣ ಕೊಡೆ ಮಡಚುತ್ತ ಅಪ್ಪನ ಕ್ಲಾಸಿಗೆ ಬಂದರು. ಪೇಟೆಯಿಂದ ಒಂದೂವರೆ ಮೈಲಿ ಆಚೆಯ ನಮ್ಮ ಶಾಲೆಗೆ ಲಲಿತಾ ಟೀಚರ್ ಮುಖ್ಯ ಶಿಕ್ಷಕಿ. ನನಗೂ ಅಕ್ಕನಿಗೂ ಅಕ್ಷರ ಕಲಿಸಿದವರು, ಅಮ್ಮನಿಗೆ ಆಪ್ತ ಗೆಳತಿ. ಮದುವೆಯಾಗಿರಲಿಲ್ಲ. ಪಾರ್ಶ್ವವಾಯು ಬಡಿದು ಮಲಗಿದಲ್ಲೇ ಆಗಿದ್ದ ತಾಯಿಯನ್ನು ನೋಡಿಕೊಂಡು ಶಾಲೆಯ ಹತ್ತಿರವೇ ಇದ್ದರು. ಅವರ ಮೇಲೆ ಮೂಕರ್ಜಿ ಹೋಗಿದೆ, ವಿಚಾರಣೆಗೆ ಮೇಲಿನವರು ಬಂದಿದ್ದಾರೆ ಎಂದು ಶೀನಪ್ಪಣ್ಣ ಹೇಳಿ, ಕಿಸೆಯಿಂದ ಪ್ರತಿ ತೆಗೆದು ಮೇಜಿನ ಮೇಲಿಟ್ಟರು.

"ಯಾವ ಮೆಷಿನು ಅಂತ ಸ್ವಲ್ಪ ಹೇಳಿ ಮಾಷ್ಟ್ರೇ. ಉಳಿದದ್ದನ್ನು ನಾವು ನೋಡ್ಕೊಳ್ತೇವೆ."

ನಾನು ಪಕ್ಕದಲ್ಲೇ ಇದ್ದೆ. ಅಪ್ಪ ಕಾಗದವನ್ನು ಕಿಟಕಿಗೆ ಹಿಡಿದರು. ತಿರುಗಿಸಿದರು. ಕನ್ನಡಕ ತೆಗೆದು ಒರೆಸಿ ಪುನಃ ಹಿಡಿದರು. ಮುಖ್ಯ ಶಿಕ್ಷಕಿಯು ದಿನವೂ ಮಧ್ಯಾಹ್ನ ಒಂದು ಗಂಟೆಗೂ ಹೆಚ್ಚು ಕಾಲ ಶಾಲೆ ಬಿಟ್ಟು ಮನೆಗೆ ಹೋಗುತ್ತಾರೆ, ಮಕ್ಕಳ ಹಿತದೃಷ್ಟಿಯಿಂದ ಅವರನ್ನು ಬೇರೆಡೆಗೆ ವರ್ಗಾವಣೆ ಮಾಡಬೇಕು ಎಂದಿತ್ತು. ಅರ್ಧ ಪುಟ, ಅಷ್ಟೇ. ಎಲ್ಲ ಅಕ್ಷರಗಳೂ ಸಣ್ಣ ಸಣ್ಣ ಚುಕ್ಕಿಗಳಿಂದ ಆದವು. ಎಲ್ಲ 'ದ'ಗಳೂ ಒಂದೇ ತರಹ, ಎಲ್ಲ ಸೊನ್ನೆಗಳೂ ಒಂದೇ ತರಹ.

"ಇದು ಮೆಷಿನಿನದ್ದು ಅಲ್ಲ ಶೀನಪ್ಪ. ಕಂಪ್ಯೂಟರಿನದ್ದು" ಎಂದರು ಅಪ್ಪ. ಸ್ವಲ್ಪ ತಡೆದು, "ಕಾಗುಣಿತದ ಒಂದು ತಪ್ಪೂ ಇಲ್ಲ" ಎಂದು ಸೇರಿಸಿದರು.

ಶೀನಪ್ಪಣ್ಣ ನನ್ನನ್ನೊಮ್ಮೆ ನೋಡಿದರು. ಆಮೇಲೆ ಕೊಡೆಯ ಹಿಡಿಯನ್ನು ನೋಡಿದರು. "ಹೌದಾ" ಎಂದು ಎದ್ದು ಹೋದರು. ಕಡಬದ ಆ ಸುತ್ತಿನಲ್ಲಿ ಯಾರ ಮನೆಯಲ್ಲಿ ಕಂಪ್ಯೂಟರ್ ಇದೆ ಎಂದು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ.

ಅಂದು ಸಂಜೆ ಅಮ್ಮ ಲಲಿತಾ ಟೀಚರನ್ನು ಸಮಾಧಾನ ಮಾಡಲು ಹೋದಳು. ಬೇಗನೆ ಮರಳಿದಳು. ಒದ್ದೆ ಕಾಲಿನಲ್ಲೇ ಚಾವಡಿಗೆ ಬಂದು ಕುಳಿತಳು. "ನನ್ನ ಮುಖ ನೋಡಿ ಮಾತಾಡ್ಲಿಲ್ಲ ಅವರು. 'ಯಾರು ಬರೆದ್ರೂ ಬರೀಲಿ ಪುಷ್ಪಕ್ಕ, ಬಿಡಿ' ಅಂತ ಹೇಳಿ ಒಳಗೆ ಹೋದರು. ಚಾ ಕುಡೀರಿ ಅಂತ ಸಹ ಹೇಳ್ಲಿಲ್ಲ. ನಮ್ಮ ಮೇಲೆಯೇ ಅವರಿಗೆ ಸಂಶಯ" ಎಂದು ಅತ್ತಳು. ಟೀಚರ್ ಮಧ್ಯಾಹ್ನ ತಾಯಿಗೆ ಉಣಿಸಲು ಮನೆಗೆ ಓಡುವ ವಿಷಯ ನಮ್ಮ ಮನೆಯಲ್ಲಿ ಎಷ್ಟು ಸಲ ಮಾತಿಗೆ ಬಂದಿತ್ತು! ಪಾಪ ಎಂದು ಹೇಳಿಯೇ ಬಂದಿತ್ತು. ಆದರೆ ಬಂದಿತ್ತು.

ಮರುದಿನದಿಂದ ಮನೆಯಲ್ಲಿ ಮಾತು ಕಡಿಮೆಯಾಯಿತು. ಅಪ್ಪ ನನ್ನನ್ನು ಏನೂ ಕೇಳಲಿಲ್ಲ. ಆದರೆ ನಾನು ಕಂಪ್ಯೂಟರಿನ ಮುಂದೆ ಕೂತಾಗ ಪತ್ರಿಕೆ ಹಿಡಿದು ಎದುರಿನ ಬೆಂಚಿನಲ್ಲಿ ಕೂರುತ್ತಿದ್ದರು. ಪುಟ ಮಗುಚುತ್ತಿರಲಿಲ್ಲ. ಕ್ಲಾಸಿಗೆ ಬರುತ್ತಿದ್ದ ಹುಡುಗಿಯರಲ್ಲಿ ಇಬ್ಬರು ಬರುವುದನ್ನು ನಿಲ್ಲಿಸಿದರು. ನನ್ನ ಕೈ ಶುದ್ಧವೆಂದು ನನಗೆ ಗೊತ್ತಿತ್ತು. ಹಾಗಾದರೆ ಯಾರದು? ಅಮ್ಮನಿಗೆ ಗುಂಡಿ ಒತ್ತಲೂ ಬಾರದು. ಅಪ್ಪ ಮುಟ್ಟಿದವರಲ್ಲ. ಹಾಗೆ ಒಬ್ಬೊಬ್ಬರನ್ನೇ ಬಿಟ್ಟುಕೊಂಡು ಹೋದಾಗ ಉಳಿದವರು ಜನಾರ್ದನ ಭಾವ ಒಬ್ಬರೇ. ಲಲಿತಾ ಟೀಚರ್ ಎದ್ದು ಹೋದರೆ ಆ ಜಾಗ ಖಾಲಿಯಾಗುತ್ತದೆ, ಅಕ್ಕ ಕಡಬಕ್ಕೆ ಬರುತ್ತಾಳೆ. ಈ ಲೆಕ್ಕ ನನ್ನ ತಲೆಯಲ್ಲಿ ಕೂತ ಮೇಲೆ ಭಾವ ಮಾಡಿದ್ದೆಲ್ಲ ಅದಕ್ಕೇ ಹೊಂದತೊಡಗಿತು. ಪ್ರಿಂಟರ್ ಯಾಕೆ ತಂದರು? ಹೋದ ಭಾನುವಾರ ಅಕ್ಕನ ಹತ್ತಿರ ಜಗಲಿಯಲ್ಲಿ ಏನು ಪಿಸುಗುಟ್ಟುತ್ತಿದ್ದರು?

ಭಾವ ತಮ್ಮ ಫ್ಲಾಪಿಗಳ ಡಬ್ಬವನ್ನು ನಮ್ಮಲ್ಲೇ ಬಿಟ್ಟು ಹೋಗುತ್ತಿದ್ದರು. ಒಂದು ಮಧ್ಯಾಹ್ನ ಅಪ್ಪ ಪೇಟೆಯಲ್ಲಿ, ಅಮ್ಮ ಪುಟ್ಟಿಯನ್ನು ಮಲಗಿಸಿಕೊಂಡು ಒಳಗೆ ಇದ್ದಾಗ, ನಾನು ಒಂದೊಂದನ್ನೇ ಹಾಕಿ ನೋಡಿದೆ. ಆರನೆಯದರಲ್ಲಿ ಒಂದು ಫೈಲು ಸಿಕ್ಕಿತು. ತೆರೆದರೆ ಪರದೆ ತುಂಬ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ, ಗೆರೆ, ಕೊಂಬು, ಆಶ್ಚರ್ಯಚಿಹ್ನೆ. ಅದು ನನಗೆ ಅರ್ಥವಾಯಿತು. ಪುತ್ತೂರಿನ ಯಾರದ್ದೋ ಅಂಗಡಿಯ ಕಂಪ್ಯೂಟರಿನಲ್ಲಿ ಬೇರೆ ಯಾವುದೋ ಕನ್ನಡ ಅಕ್ಷರಮಾಲೆಯಲ್ಲಿ ಹೊಡೆದದ್ದು. ಆ ಅಕ್ಷರಮಾಲೆ ನಮ್ಮದರಲ್ಲಿ ಇಲ್ಲದ್ದರಿಂದ ಹೀಗೆ ಕಾಣುತ್ತಿದೆ. ಒಳಗಿರುವುದು ಕನ್ನಡವೇ.

ನಾಲ್ಕು ಮಧ್ಯಾಹ್ನ ನಾನು ಅದರ ಮುಂದೆ ಕುಳಿತೆ. ಪದೇ ಪದೇ ಬರುವ ಗುರುತುಗಳನ್ನು ಕಾಗದದಲ್ಲಿ ಬರೆದುಕೊಂಡು, ಇದು 'ಕ' ಇರಬಹುದು, ಇದು ಒತ್ತು ಇರಬಹುದು ಎಂದು ಕೂಡಿಸುತ್ತಾ ಹೋದೆ. ಗಾಜಿನ ಬಿಸಿ ಮುಖಕ್ಕೆ ತಟ್ಟುತ್ತಿತ್ತು, ಕಣ್ಣು ಉರಿಯುತ್ತಿತ್ತು, ಹೊರಗೆ ಮಳೆ ನಿಂತದ್ದೂ ಬಂದದ್ದೂ ತಿಳಿಯುತ್ತಿರಲಿಲ್ಲ. ಮೊದಲು 'ಕಡಬ' ಸಿಕ್ಕಿತು. ಆಮೇಲೆ 'ಶಾಲೆ'. ಮೂರನೆಯ ದಿನ 'ವರ್ಗಾವಣೆ'. ನಾಲ್ಕನೆಯ ದಿನ ಶನಿವಾರ. ಭಾನುವಾರ ಬರುವ ಭಾವ ಒಂದು ದಿನ ಮೊದಲೇ ಬಂದುಬಿಟ್ಟರು. ಬಾಗಿಲಲ್ಲಿ ಅವರ ನೆರಳು ಕಂಡದ್ದೇ ನಾನು ಫೈಲು ಮುಚ್ಚಿ, ಬರೆದ ಕಾಗದಗಳನ್ನು ರವಕೆಯೊಳಗೆ ತುರುಕಿದೆ.

"ಎಂತ ಶೈಲಾ, ಎಂತ ಬರೀತಾ ಇದ್ದಿ?"

"ಎಂತ ಇಲ್ಲ ಭಾವ. ಸುಮ್ಮನೆ ಪ್ರಾಕ್ಟೀಸು."

ಅವರು ನನ್ನನ್ನು ತುಸು ಹೊತ್ತು ನೋಡಿದರು. ಸಿಕ್ಕಿಬಿದ್ದವರ ನೋಟವೆಂದು ನಾನು ತಿಳಿದೆ. ಆ ಸಂಜೆ ಕ್ಲಾಸಿಗೆ ಹೋಗಿ ಅಪ್ಪನ ಮುಂದೆ ಕಾಗದಗಳನ್ನು ಇಟ್ಟು, ನಾನು ಓದಿದ ಮೂರು ಪದಗಳನ್ನು ತೋರಿಸಿದೆ. ಉಳಿದದ್ದು ಓದಲು ಬಂದಿಲ್ಲ ಎಂದೂ ಹೇಳಿದೆ. ಅಪ್ಪ ಉಳಿದದ್ದನ್ನು ಕೇಳಲಿಲ್ಲ. ಕಾಗದವನ್ನು ಮಡಚಿ ಕಿಸೆಗೆ ಹಾಕಿಕೊಂಡು ಕ್ಲಾಸಿನ ಬಾಗಿಲು ಮುಚ್ಚಿದರು.

ಮರುದಿನ ಬೆಳಗ್ಗೆ ತಿಂಡಿಯಾದ ಮೇಲೆ ಅಪ್ಪ ಚಾವಡಿಯಲ್ಲಿ ನಿಂತು ಹೇಳಿದರು. "ಅಳಿಯಂದಿರೇ, ಈ ಸಾಮಾನು ತೆಗೊಂಡು ಹೋಗಿ. ನನ್ನ ಮನೆಯಿಂದ ಒಬ್ಬ ಟೀಚರಿಗೆ ಹೀಗಾದ್ದು ನನಗೆ ತಡೀಲಿಕ್ಕೆ ಆಗುದಿಲ್ಲ."

ಅಕ್ಕ ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತಳು. ಅವಳ ಕೈಯಲ್ಲಿ ಪುಟ್ಟಿಯ ತಟ್ಟೆ ಇತ್ತು. ಭಾವ ಅಪ್ಪನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆದದ್ದು ನನಗೆ ಕಂಡಿತು. ಹೇಳಲಿಲ್ಲ.

"ಆಯ್ತು ಮಾವ" ಎಂದರು.

ಕಸೂತಿ ಬಟ್ಟೆಯನ್ನು ಮಡಚಿ ಅಮ್ಮನ ಕೈಗೆ ಕೊಟ್ಟು, ವಯರುಗಳನ್ನು ಒಂದೊಂದಾಗಿ ಬಿಚ್ಚಿ, ಮಾನಿಟರನ್ನು ಎದೆಗೊತ್ತಿಕೊಂಡು ಮೆಟ್ಟಿಲಿಳಿದರು. ಮಳೆ ಸುರಿಯುತ್ತಿದ್ದರೂ ಈ ಸಲ ಅದಕ್ಕೆ ರೈನ್‌ಕೋಟು ತೊಡಿಸಲಿಲ್ಲ. ರಸ್ತೆಯವರೆಗೆ ನಡೆದು, ಅಂಗಡಿಯೊಂದರ ಮಾಡಿನಡಿ ಇಟ್ಟು, ಉಳಿದದ್ದಕ್ಕೆ ಪುನಃ ಬಂದರು. ಹೀಗೆ ಮೂರು ಸಲ. ಯಾರೂ ಸಹಾಯಕ್ಕೆ ಹೋಗಲಿಲ್ಲ. ನಾನೂ ಹೋಗಲಿಲ್ಲ. ತಪ್ಪಿಲ್ಲದಿದ್ದರೆ ಇಲ್ಲ ಎನ್ನುತ್ತಿರಲಿಲ್ಲವೇ ಎಂದು ಕಂಬಕ್ಕೆ ಒರಗಿ ಯೋಚಿಸುತ್ತಿದ್ದೆ.

ಆಗಸ್ಟಿನಲ್ಲಿ ಲಲಿತಾ ಟೀಚರಿಗೆ ಪುತ್ತೂರಿನ ಕಡೆಗೆ ವರ್ಗವಾಯಿತು. ತಾಯಿಯನ್ನು ಜೀಪಿನಲ್ಲಿ ಮಲಗಿಸಿಕೊಂಡು ಹೋದರು. ಅಮ್ಮ ಗೇಟಿನವರೆಗೆ ಹೋಗಿ ಕೈ ಬೀಸಿದ್ದು ಅವರಿಗೆ ಕಂಡಿತೋ ಇಲ್ಲವೋ. ದಸರಾ ರಜೆ ಮುಗಿದ ಮೇಲೆ ವಾಸಂತಿ ಅಕ್ಕನಿಗೆ ಆ ಶಾಲೆಯಲ್ಲೇ ಜಾಗ ಸಿಕ್ಕಿತು. ಊರಿಗೆ ಇನ್ನು ಬೇರೆ ಸಾಕ್ಷಿ ಬೇಕಿರಲಿಲ್ಲ. ಅಕ್ಕ ತಲೆ ತಗ್ಗಿಸಿಕೊಂಡು ಆ ಶಾಲೆಗೆ ಹೋಗಿ ಬಂದಳು. ಭಾವ ಭಾನುವಾರ ಗೇಟಿನ ಹೊರಗೆ ನಿಂತು ಪುಟ್ಟಿಯನ್ನು ಕರೆಯುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ಮುಂದಿನ ವರ್ಷ ಅಕ್ಕ ಭಾವ ಬೇರೆ ಮನೆ ಮಾಡಿದರು. ಅಪ್ಪನೂ ಭಾವನೂ ಆಮೇಲೆ ಒಂದು ಮಾತೂ ಆಡಲಿಲ್ಲ. ಅಪ್ಪ ತೀರಿಕೊಂಡ ದಿನ ಭಾವ ಅಂಗಳದ ಆಚೆ ನಿಂತಿದ್ದರು. ಅಮ್ಮ ಹೋಗಿ ಕೈಹಿಡಿದು ಕರೆತಂದಳು.

ನಾನು ಮದುವೆಯಾಗಿ, ಕೆಲಸ ಹಿಡಿದು ದರ್ಬೆಗೆ ಬಂದು ಹಲವು ವರ್ಷವಾಯಿತು. ಭಾವನ ಅಂಗಡಿ ಹತ್ತು ನಿಮಿಷದ ದಾರಿ. ಅಕ್ಕ ನಿವೃತ್ತಿಯಾಗಿ ಈಗ ಅವರ ಜೊತೆ ಇಲ್ಲೇ ಇದ್ದಾಳೆ. ಹಬ್ಬಕ್ಕೆ ಹೋಗುತ್ತೇನೆ, ಬರುತ್ತೇನೆ. ಆ ಮಳೆಗಾಲದ ಮಾತು ನಮ್ಮಲ್ಲಿ ಯಾರೂ ಎತ್ತುವುದಿಲ್ಲ. ಲಲಿತಾ ಟೀಚರ್ ಇದೇ ದರ್ಬೆಯ ಒಳಬಡಾವಣೆಯಲ್ಲಿ ಇದ್ದಾರೆಂದು ಕೂಡ ನನಗೆ ಗೊತ್ತಿತ್ತು. ಒಂದೆರಡು ಸಲ ಎದುರಿನಿಂದ ಬರುವುದನ್ನು ಕಂಡು ರಸ್ತೆಯ ಇನ್ನೊಂದು ಬದಿಗೆ ದಾಟಿದ್ದೆ.

ಗುಜರಿಯ ಟೆಂಪೋ ಹೋದ ಮೇಲೆ ನನಗೆ ಕೂರಲಾಗಲಿಲ್ಲ. ಅರ್ಧ ದಿನ ರಜೆ ಬರೆದಿಟ್ಟು ಲಲಿತಾ ಟೀಚರ ಮನೆಗೆ ಹೋದೆ. ಎಂಬತ್ತರ ಹತ್ತಿರ. ಬೆನ್ನು ಬಾಗಿದೆ, ಕಣ್ಣು ಚುರುಕಾಗಿಯೇ ಇದೆ. ನೋಡಿದ ಕೂಡಲೇ ಗುರುತು ಹಿಡಿದರು.

"ಶೈಲಜಾ ಅಲ್ವಾ? ಟೈಪಿಂಗ್ ಮಾಷ್ಟ್ರ ಮಗಳು. ಬಾ ಮಾರಾಯ್ತಿ, ಬಾ. ಈಗಲಾದ್ರೂ ಬಂದಿಯಲ್ಲ."

ಕುಳಿತ ಮೇಲೆ ನಾನು ಸುತ್ತಿ ಬಳಸಲಿಲ್ಲ. "ಟೀಚರ್, ಆ ಮೂಕರ್ಜಿ ನಮ್ಮ ಮನೆಯಿಂದ ಹೋದದ್ದು. ನಿಮ್ಮಲ್ಲಿ ಕ್ಷಮೆ ಕೇಳ್ಲಿಕ್ಕೆ ಬಂದೆ" ಎಂದೆ.

ಅವರು ನನ್ನನ್ನೇ ನೋಡುತ್ತ ಕುಳಿತರು. ಆಮೇಲೆ ಮೆಲ್ಲನೆ, "ನಿಮ್ಮ ಮನೆಯಿಂದ ಅಂತ ಯಾರು ಹೇಳಿದ್ದು?" ಎಂದರು.

"ಊರೆಲ್ಲ ಹೇಳಿತಲ್ಲ ಟೀಚರ್. ಅಪ್ಪನೂ ಹಾಗೇ ತಿಳ್ಕೊಂಡರು."

"ಮಾಷ್ಟ್ರು ಕೂಡಾ?" ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಅದನ್ನು ಬರೆದದ್ದು ನಾನು ಶೈಲಾ. ನಾನೇ."

ನನಗೆ ಮೊದಲು ಬಂದದ್ದು ಸಂಶಯವೇ. ಮುದುಕಿಗೆ ನೆನಪು ಕೆಟ್ಟಿದೆಯೋ, ನನ್ನ ಮನಸ್ಸು ಹಗುರ ಮಾಡಲು ಹೀಗೆ ಹೇಳುತ್ತಿದ್ದಾರೋ ಎಂದುಕೊಂಡೆ. ಅದು ಮುಖದಲ್ಲಿ ಕಂಡಿರಬೇಕು. ಅವರು ಹೇಳುತ್ತಾ ಹೋದರು. ತಾಯಿಗೆ ವೈದ್ಯರು ಪುತ್ತೂರಿನಲ್ಲಿ, ನೋಡಿಕೊಳ್ಳಲು ತಮ್ಮನ ಹೆಂಡತಿಯೂ ಪುತ್ತೂರಿನಲ್ಲಿ. ವರ್ಗ ಮಾಡಿ ಎಂದು ವರ್ಷಗಟ್ಟಲೆ ಬೇಡಿದರೂ ಅರ್ಜಿ ಕದಲಲಿಲ್ಲ. ಒಂದು ದೂರು ಬಂದರೆ ತಿಂಗಳೊಳಗೆ ಎತ್ತಿ ಹಾಕುತ್ತಾರೆ ಎಂದು ಜೊತೆಯ ಟೀಚರೊಬ್ಬರು ತಮಾಷೆಗೆ ಹೇಳಿದ್ದನ್ನು ಇವರು ತಲೆಗೆ ಹಚ್ಚಿಕೊಂಡರು. ತಾಯಿಗೆ ಔಷಧ ತರಲು ಪುತ್ತೂರಿಗೆ ಹೋದ ದಿನ, ಗುರುತಿಲ್ಲದ ಒಂದು ಅಂಗಡಿಯಲ್ಲಿ ಕೂತು ಹೊಡೆಸಿದರು.

"ನಾನು ಮಾಡ್ತಿದ್ದ ತಪ್ಪನ್ನೇ ಬರೆದೆ. ಸುಳ್ಳು ಬರೀಲಿಲ್ಲ. ಯಾರೋ ಗೊತ್ತಿಲ್ಲದವರು ಬರೆದ ಹಾಗೆ ಕಾಣ್ಲಿ ಅಂತ ನಾಲ್ಕು ಕಡೆ ಕಾಗುಣಿತ ತಪ್ಪಿಸುವ ಅಂತ ಇತ್ತು. ಕೈ ಬರ್ಲಿಲ್ಲ ಮಾರಾಯ್ತಿ. ಅಂಗಡಿಯವನು ಮಾಡಿದ ತಪ್ಪನ್ನೂ ತಿದ್ದಿಸಿದೆ."

ಆಗ ನನಗೆ ನಂಬಿಕೆ ಬಂತು.

"ಅಮ್ಮ ಬಂದಾಗ ನೀವು ಮುಖ ಸಹ ನೋಡ್ಲಿಲ್ಲ" ಎಂದೆ.

"ಹೇಗೆ ನೋಡುದು? ನೋಡಿದ್ರೆ ಬಾಯಿ ಬಿಡ್ತಿದ್ದೆ. ಬಾಯಿ ಬಿಟ್ರೆ ಕೆಲಸ ಹೋಗ್ತಿತ್ತು, ತಾಯಿಯನ್ನು ಇಟ್ಕೊಂಡು ಎಲ್ಲಿಗೆ ಹೋಗುದು? ಊರಲ್ಲಿ ನಿಮ್ಮ ಹೆಸರು ಹೇಳ್ತಾರೆ ಅಂತ ಆಮೇಲೆ ಕೇಳಿದೆ. ನಿನ್ನ ಅಕ್ಕನಿಗೆ ಜಾಗ ಸಿಕ್ಕಿತು ಅಂತಲೂ ಕೇಳಿದೆ. ಅವರಿಗೂ ಒಳ್ಳೇದೇ ಆಯ್ತಲ್ಲ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ." ಸೆರಗಿನಿಂದ ಕಣ್ಣು ಒತ್ತಿದರು. "ಮನೆಯೊಳಗೆ ಹೀಗಾಗಿದೆ ಅಂತ ನನಗೆ ಗೊತ್ತಿರ್ಲಿಲ್ಲ. ಗೊತ್ತು ಮಾಡ್ಕೊಳ್ಲಿಕ್ಕೆ ಹೋಗ್ಲೂ ಇಲ್ಲ."

ನನಗೆ ಸಿಟ್ಟು ಬರಬೇಕಾಗಿತ್ತು. ಅಪ್ಪನ ಮುಖ ನೆನಪಾಗಿ ಸ್ವಲ್ಪ ಬಂದದ್ದೂ ಹೌದು. ಆದರೆ ಅಪ್ಪನ ಮುಂದೆ ಕಾಗದ ಇಟ್ಟವಳು ಈ ಮುದುಕಿಯಲ್ಲ, ನಾನು. ಅವರು ಕೊಟ್ಟ ಚಾ ಕುಡಿದು, ಪುನಃ ಬರುತ್ತೇನೆ ಎಂದು ಹೇಳಿ ಎದ್ದೆ.

ಭಾವನ ಅಂಗಡಿಗೆ ನಡೆದು ಹೋಗುವಾಗ ಎರಡು ಸಲ ಹಿಂದೆ ತಿರುಗಬೇಕೆನಿಸಿತು. ಮಧ್ಯಾಹ್ನದ ಊಟಕ್ಕೆ ಏಳುವ ಹೊತ್ತು. ಅವರು ಗೋಡೆಗೆ ಹಾಕುವ ಒಂದು ಟಿ.ವಿ.ಯನ್ನು ಮಗುಚಿ ಹಾಕಿಕೊಂಡು ಬೆಸುಗೆ ಹಾಕುತ್ತಿದ್ದರು. ನಾನು ನಿಂತುಕೊಂಡೇ ಹೇಳಿದೆ. ಲಲಿತಾ ಟೀಚರ್ ಹೇಳಿದ್ದನ್ನು ಹೇಳಿದೆ. ಫ್ಲಾಪಿ ತೆರೆದದ್ದು, ಮೂರು ಪದ ಓದಿದ್ದು, ಅಪ್ಪನಿಗೆ ತೋರಿಸಿದ್ದು ನಾನೆಂದೂ ಹೇಳಿದೆ.

"ಆ ಫೈಲಾ? ಅದು ವಾಸಂತಿಯ ವರ್ಗಾವಣೆ ಅರ್ಜಿ. ಇಲ್ಲೇ ಒಂದು ಅಂಗಡಿಯಲ್ಲಿ ಹೊಡೆಸಿ ಪ್ರತಿ ವರ್ಷ ಹಾಕ್ತಿದ್ದದ್ದು" ಎಂದರು.

"ಆ ದಿನ ನೀವು ಅಪ್ಪನಿಗೆ ಯಾಕೆ ಹೇಳ್ಲಿಲ್ಲ ಭಾವ? ನಾನಲ್ಲ ಅಂತ ಒಂದು ಮಾತು ಹೇಳ್ಬಹುದಿತ್ತಲ್ಲ?"

ಅವರು ಕೈಯಲ್ಲಿದ್ದ ಬೆಸುಗೆ ಕಡ್ಡಿಯನ್ನು ಮೇಜಿನ ಮೇಲಿಟ್ಟರು. ನನ್ನನ್ನು, ಆ ಶನಿವಾರ ನೋಡಿದ ಹಾಗೆಯೇ, ತುಸು ಹೊತ್ತು ನೋಡಿದರು.

"ನಾನಲ್ಲ ಅಂತ ಹೇಳಿದ್ರೆ ಮತ್ತೆ ಯಾರು ಅಂತ ಮಾವ ಕೇಳ್ತಿದ್ರು. ಮನೆಯಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಹೊಡೀಲಿಕ್ಕೆ ಬರ್ತಿದ್ದದ್ದು ನಿನಗೆ ಒಬ್ಬಳಿಗೆ. ನಾನು ಬಂದಾಗ ಕಾಗದ ಅಡಗಿಸಿದ್ದಿ. ಅಕ್ಕನ ಸಂಕಟ ನೋಡ್ಲಿಕ್ಕಾಗದೆ ಹುಡುಗಿ ಹೀಗೆ ಮಾಡಿಬಿಟ್ಟಳು ಅಂತ ನಾವು..." ಅವರು ನಿಲ್ಲಿಸಿದರು. "ನಿನಗೆ ಆಗ ಗಂಡು ನೋಡ್ತಾ ಇದ್ರಲ್ಲ."

ಅವರು ಕಾಲಿನಿಂದಲೇ ಒಂದು ಸ್ಟೂಲನ್ನು ನನ್ನ ಕಡೆ ತಳ್ಳಿದರು. ಆಮೇಲೆ ಮೊಬೈಲು ತೆಗೆದು, ಕನ್ನಡಕವನ್ನು ಹಣೆಗೇರಿಸಿ, ಮನೆಗೆ ಕರೆ ಮಾಡಿದರು.

"ವಾಸಂತೀ, ಶೈಲ ಬಂದಿದ್ದಾಳೆ. ಊಟಕ್ಕೆ ಕರ್ಕೊಂಡು ಬರ್ತೇನೆ, ಇನ್ನೊಂದು ತಟ್ಟೆ ಇಡು." ಆಚೆಯಿಂದ ಅಕ್ಕ ಏನೋ ಕೇಳಿದಳು. ಭಾವ ನನ್ನ ಕಡೆ ನೋಡಿ, ಧ್ವನಿ ಸರಿಮಾಡಿಕೊಂಡು ಹೇಳಿದರು. "ಮತ್ತೆ ಕೇಳು. ಆ ಟೀಚರ ವಿಷಯ. ಅವಳಲ್ಲಂತೆ ಮಾರಾಯ್ತಿ. ಹೌದು. ನಮ್ಮ ಶೈಲ ಅಲ್ಲಂತೆ."